ತೇವ ಬೇಕು, ಕೆಸರು ಬೇಡ: ಐಸೊಪಾಡ್ ಡಬ್ಬಿಯೊಳಗಿನ ಸಾವಿಗೆ ಕಾರಣವೇನು?

ಪ್ರಶ್ನೆ: ಎರಡು ತಿಂಗಳ ಹಿಂದೆ ರಬ್ಬರ್ ಡಕ್ಕಿ ಎಂದು ಕರೆಯುವ ಕ್ಯುಬಾರಿಸ್ ಕುಲದ ಹನ್ನೆರಡು ಐಸೊಪಾಡ್‌ಗಳನ್ನು (ತರಗೆಲೆ, ಕೊಳೆತ ಮರ ತಿಂದು ಬದುಕುವ, ಉಂಡೆಯಾಗಬಲ್ಲ ಪುಟ್ಟ ಜೀವಿ) ತಂದೆ. 30 ಸೆಂ.ಮೀ. ಉದ್ದ, 20 ಅಗಲ, 12 ಎತ್ತರದ ಪ್ಲಾಸ್ಟಿಕ್ ಡಬ್ಬಿ. ತಳಕ್ಕೆ ಮೂರು ಸೆಂ.ಮೀ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅದರ ಮೇಲೆ ಒಂದು ತುಂಡು ತೊಗಟೆ, ನಾಲ್ಕೈದು ಒಣ ಎಲೆ. ಉಷ್ಣವಲಯದ ಜೀವಿಗೆ ತೇವ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಓದಿದ್ದರಿಂದ ಮುಚ್ಚಳಕ್ಕೆ ಸೂಜಿಯಲ್ಲಿ ಐದಾರು ತೂತು ಮಾತ್ರ ಮಾಡಿದ್ದೇನೆ. ದಿನಕ್ಕೆರಡು ಸಲ ನೀರು ಸಿಂಪಡಿಸುತ್ತೇನೆ. ತೇವಮಾಪಕ ಸದಾ ಶೇ. 99 ತೋರಿಸುತ್ತದೆ. ಆದರೂ ಐದು ವಾರದಲ್ಲಿ ನಾಲ್ಕು ಸತ್ತವು. ತೊಗಟೆಯ ಮೇಲೆ ಹತ್ತಿಯಂಥ ಬೂಸ್ಟು ಬಂದಿದೆ, ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ನಾತ. ಒಂದೆರಡರ ಮೈ ಹಿಂದಿನ ಅರ್ಧ ಬೆಳ್ಳಗಾಗಿದೆ. ಬೂಸ್ಟು ಮೈಗೂ ಹತ್ತಿತೇ? ಗೋಡೆಯ ಮೇಲೆ ಓಡಾಡುವ ಬಿಳಿ ಚುಕ್ಕೆಗಳೂ ಇವೆ. ಮರಿ ಒಂದೂ ಕಂಡಿಲ್ಲ. ಇನ್ನಷ್ಟು ನೀರು ಕೊಡಲೇ? ಶಿಲೀಂಧ್ರನಾಶಕ ಹಾಕಲೇ? ಜೊತೆಗೆ ಇನ್ನೊಂದು ಆರು ತಂದು ಬಿಡಲೇ?

ಉತ್ತರ: ಮೂರೂ ಬೇಡ. ನೀರು ಇವತ್ತೇ ನಿಲ್ಲಿಸಿ, ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿಡಿ, ಆಮೇಲೆ ಮುಂದಕ್ಕೆ ಓದಿ.

ನೀವು ಬರೆದಿರುವುದರಲ್ಲಿ ಆರು ತೊಂದರೆಗಳಿವೆ ಅನ್ನಿಸುತ್ತದೆ. ಸಾವು, ನಾತ, ಬೂಸ್ಟು, ಬೆಳ್ಳಗಾದ ಮೈ, ಬಿಳಿ ಚುಕ್ಕೆ, ಮರಿ ಇಲ್ಲದ್ದು. ಇವುಗಳಲ್ಲಿ ಬೂಸ್ಟು ಮತ್ತು ಬೆಳ್ಳಗಾದ ಮೈ ತೊಂದರೆಗಳೇ ಅಲ್ಲ. ಬಿಳಿ ಚುಕ್ಕೆ ಏನೆಂದು ನೋಡಿ ತಿಳಿಯಬೇಕು. ಮರಿಗೆ ಇನ್ನೂ ಕಾಲ ಬಂದಿಲ್ಲ. ಸಾವು ಮತ್ತು ನಾತ ಮಾತ್ರ ನಿಜವಾದ ಗಂಡಾಂತರ, ಮತ್ತು ಎರಡಕ್ಕೂ ಕಾರಣ ಒಂದೇ: ಡಬ್ಬಿಯೊಳಗೆ ನೀರು ನಿಂತಿದೆ, ಗಾಳಿ ಆಡುತ್ತಿಲ್ಲ.

ಐಸೊಪಾಡ್ ಕೀಟವಲ್ಲ, ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ್ದು. ಜನ ಎಡವುವುದು ಇಲ್ಲೇ. ಸಿಗಡಿಯ ನೆಂಟ ಅಂದಮೇಲೆ ನೀರು ಎಷ್ಟಿದ್ದರೂ ನಡೆದೀತು ಅಂದುಕೊಳ್ಳುತ್ತಾರೆ. ನೆಲದ ಐಸೊಪಾಡ್ ಒಂದನ್ನು ಪಾರದರ್ಶಕ ಡಬ್ಬಿಯ ಗೋಡೆ ಹತ್ತುವಾಗ ಹೊರಗಿನಿಂದ ನೋಡಿ. ಏಳು ಜೊತೆ ನಡೆಯುವ ಕಾಲುಗಳ ಹಿಂದೆ, ಬಾಲದ ಕಡೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ತೆಳು ಎಲೆಗಳಂಥ ಅಂಗಗಳು ಕಾಣುತ್ತವೆ. ಹಲವು ಜಾತಿಗಳಲ್ಲಿ ಅವುಗಳ ಮೇಲೆ ಸ್ಪಷ್ಟವಾದ ಬಿಳಿ ಮಚ್ಚೆಗಳಿರುತ್ತವೆ. ಒಳಗೆ ಗಾಳಿ ತುಂಬಿದ ಸೂಕ್ಷ್ಮ ಕೊಳವೆಗಳಿರುವುದರಿಂದ ಅವು ಹಾಗೆ ಬೆಳ್ಳಗೆ ಕಾಣುವುದು. ಉಸಿರಾಟ ನಡೆಯುವುದು ಅಲ್ಲಿ.

ಈ ಅಂಗ ಒಣಗಿದರೆ ಕೆಲಸ ಮಾಡದು; ಅದಕ್ಕೇ ತೇವ ಬೇಕು. ಆದರೆ ಅದರ ಮೇಲೆ ನೀರಿನ ಪದರ ಕೂತರೂ ಉಸಿರು ಕಟ್ಟುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ತೇವ ತುಂಬಿದ ಗಾಳಿ ಬೇರೆ, ಒದ್ದೆ ನೆಲ ಬೇರೆ. ನೀವು ಓದಿದ ಸಲಹೆ ಮೊದಲನೆಯದನ್ನು ಹೇಳಿತ್ತು. ನಿಮ್ಮ ಡಬ್ಬಿಯಲ್ಲಿ ಆಗಿರುವುದು ಎರಡನೆಯದು.

ಇನ್ನೂ ಒಂದು ಸಂಗತಿ ಇದೆ. ಈ ಜೀವಿಗಳು ಮೂತ್ರದ ಬದಲು ಅಮೋನಿಯಾವನ್ನು ಅನಿಲದ ರೂಪದಲ್ಲಿಯೇ ಹೊರಹಾಕುತ್ತವೆ. ಕೊಳೆಯುವ ಎಲೆ, ಮರದಿಂದ ಇಂಗಾಲದ ಡೈಆಕ್ಸೈಡ್ ಬರುತ್ತಲೇ ಇರುತ್ತದೆ. ಸೂಜಿಮೊನೆಯ ಐದಾರು ತೂತುಗಳಿಂದ ಇವೆಲ್ಲ ಹೊರಹೋಗುವುದು ಕಷ್ಟ. ಇನ್ನು ಕೊಳೆತ ಮೊಟ್ಟೆಯ ನಾತ ತಳದ ಪದರದಲ್ಲಿ ಆಮ್ಲಜನಕ ಮುಗಿದಿದೆ ಎನ್ನುವುದಕ್ಕೆ ಸಾಕ್ಷಿ. ಅದು ಹೈಡ್ರೋಜನ್ ಸಲ್ಫೈಡ್, ವಿಷಾನಿಲ. ಡಬ್ಬಿಯ ತಳವನ್ನು ಕೆಳಗಿನಿಂದ ನೋಡಿದರೆ ಕೊಕೊಪೀಟ್ ಕಪ್ಪಗೆ ಲೋಳೆಯಂತಾಗಿರುವುದು ಕಾಣಬಹುದು. ಕ್ಯುಬಾರಿಸ್ ಹಗಲು ಹೊತ್ತು ಮಣ್ಣಿನೊಳಗೆ ಅಡಗುವ ಜೀವಿ. ಅಡಗಲು ಕೆಳಗೆ ಹೋದರೆ ಅಲ್ಲಿ ಉಸಿರಿಲ್ಲ. ಮೇಲೆ ಬಂದರೆ ಬೆಳಕು, ಎರಡು ಹೊತ್ತು ಸಿಂಪಡಣೆ. ಹಗಲಿನಲ್ಲೂ ಗೋಡೆ ಹತ್ತಿ ಮುಚ್ಚಳದ ಅಂಚಿಗೆ ಗುಂಪುಗೂಡುವುದನ್ನು ನೋಡಿದ್ದರೆ, ಅವು ಗಾಳಿ ಹುಡುಕುತ್ತಿದ್ದವು ಎಂದೇ ಅರ್ಥ.

ಬೆಳ್ಳಗಾದ ಹಿಂಭಾಗ

ಇದನ್ನು ಕಂಡು ಗಾಬರಿಯಾಗುವುದು ಸಹಜ, ಆದರೆ ಇದು ಸಂತೋಷದ ಸುದ್ದಿ. ಹಾವಿನ ಹಾಗೆ ಇವೂ ಪೊರೆ ಬಿಡುತ್ತವೆ, ಆದರೆ ಎರಡು ಕಂತಿನಲ್ಲಿ. ಮೊದಲು ಹಿಂದಿನ ಅರ್ಧ ಕಳಚುತ್ತದೆ. ಕೆಲವು ಗಂಟೆಗಳೋ ಒಂದೆರಡು ದಿನಗಳೋ ಕಳೆದ ಮೇಲೆ ಮುಂದಿನ ಅರ್ಧ. ನಡುವಿನ ಹೊತ್ತಿನಲ್ಲಿ ಪ್ರಾಣಿ ಎರಡು ಬೇರೆ ಬೇರೆ ತುಂಡು ಅಂಟಿಸಿದಂತೆ ಕಾಣುತ್ತದೆ, ಹಿಂದೆ ಮಂಕು ಬಿಳುಪು, ಮುಂದೆ ಎಂದಿನ ಬಣ್ಣ. ಗಡಿ ನೇರವಾಗಿ, ಗೆರೆ ಎಳೆದಂತೆ, ಮೈಯ ನಡುವೆಯೇ ಇರುತ್ತದೆ. ಬೂಸ್ಟಾಗಿದ್ದರೆ ಗಡಿ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

ಪೊರೆ ಬಿಡುವ ಮುನ್ನ ಹಳೆಯ ಚಿಪ್ಪಿನಿಂದ ಕ್ಯಾಲ್ಸಿಯಂ ಹೀರಿ, ಮುಂಭಾಗದ ಎದೆಯ ಕೆಳಗೆ ಬಿಳಿ ಬಿಲ್ಲೆಗಳಾಗಿ ಕೂಡಿಟ್ಟುಕೊಳ್ಳುತ್ತವೆ. ಹೊಸ ಚಿಪ್ಪು ಗಟ್ಟಿಯಾಗಲು ಅದೇ ಬಂಡವಾಳ. ಕಳಚಿದ ಪೊರೆಯನ್ನೂ ತಿಂದು ಮುಗಿಸುತ್ತವೆ, ಆದ್ದರಿಂದ ಅದನ್ನು ಕಸವೆಂದು ಹೆಕ್ಕಿ ಎಸೆಯಬೇಡಿ. ಮರಿಗಳು ವಾರ ಎರಡು ವಾರಕ್ಕೊಮ್ಮೆ, ದೊಡ್ಡವು ಸುಮಾರು ತಿಂಗಳಿಗೊಮ್ಮೆ ಪೊರೆ ಬಿಡುತ್ತವೆ. ಈ ದಿನಗಳಲ್ಲಿ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಬೆರಳಿನಿಂದ ಎತ್ತಿದರೂ, ಜೊತೆಯವು ಪ್ರೋಟೀನ್ ಸಿಗದೆ ಹಸಿದಿದ್ದು ಕಚ್ಚಿದರೂ ಪ್ರಾಣ ಹೋಗುತ್ತದೆ. ನಿಮ್ಮ ನಾಲ್ಕರಲ್ಲಿ ಒಂದೋ ಎರಡೋ ಪೊರೆ ಬಿಡುವ ಹಂತದಲ್ಲೇ ಸತ್ತಿರಬಹುದು. ಬರೀ ಕೊಕೊಪೀಟ್‌ನಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಸಿಗಬೇಕು?

ಸತ್ತದ್ದರ ಮೇಲೆ ಬಿಳಿ ನೂಲು ಹಬ್ಬಿದ್ದರೆ ಅದು ಸಾವಿನ ನಂತರ ಬಂದದ್ದು. ಸತ್ತದ್ದೆಲ್ಲದರ ಮೇಲೂ ಬರುತ್ತದೆ.

ನಿಜವಾದ ರೋಗವೊಂದಿದೆ, ಅದರ ಗುರುತು ಬಿಳಿಯಲ್ಲ, ನೀಲಿ. ಇರಿಡೊವೈರಸ್ ತಗುಲಿದ ಐಸೊಪಾಡ್ ಲೋಹದ ಹೊಳಪಿನ ನೀಲಿ ಅಥವಾ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೋಡಲು ಬಲು ಚೆಂದ, ಆದರೆ ಬದುಕುವುದಿಲ್ಲ, ಔಷಧಿಯೂ ಇಲ್ಲ. ಅಂಥದ್ದು ಕಂಡರೆ ಆ ಕ್ಷಣವೇ ಬೇರೆ ಮಾಡಿ. ಹುಟ್ಟಿನಿಂದಲೇ ನೀಲಿಬೂದು ಬಣ್ಣದ ಜಾತಿಗಳೂ ಇವೆ, ಅವನ್ನು ರೋಗವೆಂದು ತಿಳಿಯಬೇಡಿ; ಬಣ್ಣ ಬದಲಾಯಿತೇ ಎನ್ನುವುದು ಮುಖ್ಯ.

ಬೂಸ್ಟು ಮತ್ತು ಬಿಳಿ ಚುಕ್ಕೆ

ಹೊಸ ಡಬ್ಬಿಗೆ ಮೊದಲ ಮೂರು ನಾಲ್ಕು ವಾರ ಬೂಸ್ಟು ಬರುವುದು ಸಹಜ. ತೊಗಟೆಯನ್ನು ಕುದಿಸಿ ಹಾಕಿದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಕುದಿಸಿದಾಗ ಅದರ ಮೇಲಿದ್ದ ಬೇರೆ ಸೂಕ್ಷ್ಮಜೀವಿಗಳೆಲ್ಲ ಸತ್ತು, ಗಾಳಿಯಲ್ಲಿ ಬರುವ ಬೂಸ್ಟಿಗೆ ಖಾಲಿ ಹೊಲ ಸಿಕ್ಕಂತಾಗುತ್ತದೆ. ಸುಲಭವಾಗಿ ಕರಗುವ ಸಕ್ಕರೆ ಅಂಶ ಮುಗಿದೊಡನೆ ಅದೇ ಇಳಿಯುತ್ತದೆ. ಐಸೊಪಾಡ್ ಅದನ್ನು ಮೇಯುತ್ತವೆ ಕೂಡ. ಶಿಲೀಂಧ್ರನಾಶಕ ಮಾತ್ರ ಯಾವ ಕಾರಣಕ್ಕೂ ಬೇಡ. ತಾಮ್ರ ಬೆರೆತದ್ದಾದರೆ ಏಡಿ ಸಿಗಡಿ ಬಳಗಕ್ಕೆ ನೇರ ವಿಷ. ಬೇವಿನದ್ದಾದರೆ ಪೊರೆ ಬಿಡುವುದಕ್ಕೇ ಅಡ್ಡಿ ಮಾಡುವ ಅಂಶ ಅದರಲ್ಲಿದೆ. ಸಾವಯವ ಎಂದು ಬರೆದಿದ್ದರೂ ಅಷ್ಟೇ.

ಬೂಸ್ಟಿಗೆ ಸರಿಯಾದ ಉತ್ತರ ಸ್ಪ್ರಿಂಗ್‌ಟೇಲ್ ಎಂಬ ಒಂದೆರಡು ಮಿಲಿಮೀಟರಿನ ಬಿಳಿ ಜೀವಿ. ನೀವು ಗೋಡೆಯ ಮೇಲೆ ಕಂಡ ಚುಕ್ಕೆಗಳು ಅವೇ ಇರಬಹುದು, ಐಸೊಪಾಡ್ ಮರಿಗಳೂ ಇರಬಹುದು, ನುಸಿಯೂ (ಮೈಟ್) ಇರಬಹುದು. ಸಣ್ಣ ಚಿತ್ರಕಲೆಯ ಕುಂಚದ ತುದಿಯಿಂದ ಒಂದನ್ನು ಹಿಂದಿನಿಂದ ಮುಟ್ಟಿ ನೋಡಿ. ಅಕ್ಕಿನುಚ್ಚಿನಂತೆ ಉದ್ದಗಿದ್ದು ಚಿಮ್ಮಿ ಮಾಯವಾದರೆ ಸ್ಪ್ರಿಂಗ್‌ಟೇಲ್. ಚಪ್ಪಟೆ, ಮೈಮೇಲೆ ಅಡ್ಡಗೆರೆ, ಮುಂದೆ ಮೀಸೆ ಆಡಿಸುತ್ತ ನಿಧಾನ ನಡೆದರೆ ಮರಿ. ಕಾಲೇ ಕಾಣದಷ್ಟು ಗುಂಡಗೆ, ಹೊಳೆಯುತ್ತ, ತಿಂಡಿಯ ಮೇಲೂ ಗೋಡೆಯ ನೀರಹನಿಗಳ ಸುತ್ತಲೂ ಪುಡಿ ಉದುರಿಸಿದಂತೆ ಗುಂಪುಗಟ್ಟಿದ್ದರೆ ನುಸಿ.

ನುಸಿ ಐಸೊಪಾಡಿನ ರಕ್ತ ಹೀರುವುದಿಲ್ಲ. ಹೆಚ್ಚಾದ ತಿಂಡಿ ಮತ್ತು ಹೆಚ್ಚಾದ ನೀರು ಅದನ್ನು ಸಾಕುತ್ತಿದೆ, ಅಷ್ಟೇ. ಆದರೆ ಲೆಕ್ಕ ಮೀರಿದರೆ ತಿಂಡಿಯನ್ನೆಲ್ಲ ಕಬಳಿಸುತ್ತದೆ, ಐಸೊಪಾಡಿನ ಕಾಲಸಂದಿಗೂ ಸವಾರಿಗೆಂದು ಅಂಟಿಕೊಳ್ಳುತ್ತದೆ. ಎಲೆಯ ಹೊರತು ಬೇರೆ ತಿಂಡಿಯನ್ನು ಎರಡು ವಾರ ನಿಲ್ಲಿಸಿ, ಮೇಲ್ಪದರ ಒಣಗಲು ಬಿಡಿ. ರಾತ್ರಿ ಒಂದು ತೆಳು ಸೌತೆಕಾಯಿ ಬಿಲ್ಲೆ ಇಟ್ಟು, ಬೆಳಿಗ್ಗೆ ಅದರ ಮೇಲೆ ಸೇರಿದ ನುಸಿಯ ಸಮೇತ ತೆಗೆದು ಹಾಕಿ. ತೆಗೆಯುವ ಮುನ್ನ ಅಡಿಯಲ್ಲಿ ಮರಿ ಇಲ್ಲವೆಂದು ನೋಡಿಕೊಳ್ಳಿ.

ಡಬ್ಬಿಯನ್ನು ಮತ್ತೆ ಕಟ್ಟುವುದು

ಎದುರಿಗೆ ಎರಡು ದಾರಿಗಳಿವೆ. ಗಾಳಿಯ ತೂತು ಮಾಡಿ, ನೀರು ನಿಲ್ಲಿಸಿ, ಇದ್ದ ಹಾಸಿನಲ್ಲೇ (ತಳಕ್ಕೆ ಹಾಕಿದ ಪದರದಲ್ಲೇ) ಚೇತರಿಸಿಕೊಳ್ಳಲು ಬಿಡುವುದು ಒಂದು. ಪ್ರಾಣಿಗಳಿಗೆ ತೊಂದರೆ ಕಡಿಮೆ, ಪೊರೆ ಬಿಡುತ್ತಿರುವವು ನೆಮ್ಮದಿಯಾಗಿರುತ್ತವೆ. ಆದರೆ ಹಳಸಿದ ತಳ ಹಾಗೇ ಉಳಿಯುತ್ತದೆ. ಎಲ್ಲವನ್ನೂ ಹೊಸ ಹಾಸಿಗೆ ದಾಟಿಸುವುದು ಇನ್ನೊಂದು. ಅದರಲ್ಲಿ ಮೆತ್ತನೆ ಮೈಯವು ಜಜ್ಜಿಹೋಗುವ ಅಪಾಯವಿದೆ, ಕಣ್ಣಿಗೆ ಬೀಳದ ಮರಿ ಹಳೆ ಮಣ್ಣಿನ ಜೊತೆ ಹೊರಹೋಗುವ ಅಪಾಯವೂ ಇದೆ. ನಾತ ಬರೀ ಮುಗ್ಗಲು ಆಗಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದೆ. ಕೊಳೆತ ಮೊಟ್ಟೆಯ ವಾಸನೆ ಬಂದಿದೆ ಎಂದಮೇಲೆ ಕಾಯಬೇಡಿ, ಎರಡನೆಯದನ್ನೇ ಮಾಡಿ.

ಅದೇ ಡಬ್ಬಿ ಸಾಕು. ಚಿಕ್ಕ ಅಡ್ಡಗೋಡೆಗಳೆರಡರಲ್ಲಿ, ಎದುರುಬದುರಾಗಿ, ನಾಲ್ಕು ಸೆಂ.ಮೀ. ಅಗಲದ ಒಂದೊಂದು ಕಿಂಡಿ ತೆಗೆಯಿರಿ. ಎರಡೂ ಮಣ್ಣಿನ ಮಟ್ಟಕ್ಕಿಂತ ಮೇಲಿರಲಿ. ಸಾಧ್ಯವಾದರೆ ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಗಾಳಿ ಒಂದು ಕಡೆಯಿಂದ ನುಸುಳಿ ಇನ್ನೊಂದು ಕಡೆಯಿಂದ ಹೊರಡಬೇಕು. ಮುಚ್ಚಳದಲ್ಲಿ ಮಾತ್ರ ತೂತಿದ್ದರೆ ಮೇಲಿನ ಗಾಳಿ ಬದಲಾಗುತ್ತದೆ, ಕೆಳಗಿನದು ನಿಂತೇ ಇರುತ್ತದೆ. ಕಿಂಡಿಗೆ ಒಳಗಿನಿಂದ ತುಕ್ಕು ಹಿಡಿಯದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಬಿಸಿ ಅಂಟಿನಿಂದ ಕೂರಿಸಿ. ತಾಮ್ರ, ಹಿತ್ತಾಳೆಯ ಜಾಲರಿ ಬೇಡ. ಡಬ್ಬಿ ಬೇಗ ಒಣಗುತ್ತಿದೆ ಅನ್ನಿಸಿದರೆ ಒಂದು ಕಿಂಡಿಯ ಅರ್ಧಕ್ಕೆ ಹೊರಗಿನಿಂದ ಟೇಪ್ ಅಂಟಿಸಿ. ಹೆಚ್ಚಾದ ಗಾಳಿಯನ್ನು ಹೀಗೆ ಸುಲಭವಾಗಿ ಮುಚ್ಚಬಹುದು, ಇಲ್ಲದ ಗಾಳಿಯನ್ನು ನೀರು ಸಿಂಪಡಿಸಿ ತರಲಾಗದು.

ಹಾಸು ಏಳು ಸೆಂ.ಮೀ. ಆಳವಿರಲಿ. ನಿಮ್ಮ ಡಬ್ಬಿಗೆ ಅದು ಸುಮಾರು ನಾಲ್ಕು ಲೀಟರ್ ಆಗುತ್ತದೆ: ಎರಡು ಲೀಟರ್ ಎಲೆಗೊಬ್ಬರ ಅಥವಾ ಚೆನ್ನಾಗಿ ಕಳಿತ ರಾಸಾಯನಿಕವಿಲ್ಲದ ಮಣ್ಣು, ಒಂದು ಲೀಟರ್ ಪುಡಿಮಾಡಿದ ಕೊಳೆತ ಮರ, ಅರ್ಧ ಲೀಟರ್ ಕೊಕೊಪೀಟ್, ಅರ್ಧ ಲೀಟರ್ ಕೈಯಲ್ಲಿ ಹಿಸುಕಿದ ಒಣ ಎಲೆ, ಒಂದು ಹಿಡಿ ಇದ್ದಿಲಿನ ಚೂರು. ಕೊಕೊಪೀಟ್ ನೀರು ಹಿಡಿಯುತ್ತದೆ, ಆದರೆ ತಿನ್ನಲು ಅದರಲ್ಲಿ ಹೆಚ್ಚೇನಿಲ್ಲ. ಹಾಸು ಅಂದರೆ ಇವುಗಳಿಗೆ ಹಾಸಿಗೆಯೂ ಹೌದು, ಊಟದ ಎಲೆಯೂ ಹೌದು. ಮರ ಬೆಳ್ಳಗೆ ಹಗುರಾಗಿ ಕೊಳೆತದ್ದಾಗಿರಲಿ, ಉಗುರಿನಿಂದ ಒತ್ತಿದರೆ ಕುಸಿಯುವಷ್ಟು. ಅಂಟು, ಎಣ್ಣೆ ಇರುವ ಪೈನ್, ನೀಲಗಿರಿಯಂಥ ಮರಗಳ ಎಲೆ, ತೊಗಟೆ ಬೇಡ. ಅಗಲ ಎಲೆಯ ಮರಗಳ, ತಾನಾಗಿ ಉದುರಿ ಕಂದಾದ ತರಗೆಲೆ ಒಳ್ಳೆಯದು. ನಾಡಬಾದಾಮಿ, ಸೀಬೆ, ಓಕ್ ಎಲೆಗಳನ್ನು ಸಾಕುವವರು ಹೆಚ್ಚು ಬಳಸುತ್ತಾರೆ. ರಸ್ತೆಬದಿಯದ್ದು, ಔಷಧಿ ಹೊಡೆದ ತೋಟದ್ದು ತರಬೇಡಿ.

ಹೊರಗಿನಿಂದ ತಂದದ್ದರಲ್ಲಿ ಜರಿ, ನುಸಿ ಬಂದಾವು. ಮಣ್ಣು ಮತ್ತು ಮರವನ್ನು ಒದ್ದೆ ಮಾಡಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ ಆರಿಸಿ. ಎಲೆಗೆ ಕುದಿನೀರು ಹೊಯ್ದು ಹತ್ತು ನಿಮಿಷ ಬಿಟ್ಟು ಬಸಿದರೆ ಸಾಕು. ಬಹಳ ಕುದಿಸಿದರೆ ಸತ್ವ ನೀರಿಗೆ ಹೋಗುತ್ತದೆ.

ಕ್ಯಾಲ್ಸಿಯಂ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ರಬ್ಬರ್ ಡಕ್ಕಿಯ ಮೂಲ ಥಾಯ್ಲೆಂಡ್‌ನ ಸುಣ್ಣಕಲ್ಲಿನ ಗುಹೆಗಳ ಪ್ರದೇಶ. ಸುಣ್ಣದ ಅಂಶ ಅವುಗಳ ನೆಲದಲ್ಲೇ ಇದೆ. ಲೀಟರ್ ಹಾಸಿಗೆ ಒಂದು ದೊಡ್ಡ ಚಮಚದಂತೆ, ತೊಳೆದು ಒಣಗಿಸಿ ನುಣ್ಣಗೆ ಅರೆದ ಮೊಟ್ಟೆ ಸಿಪ್ಪೆಯ ಪುಡಿ ಅಥವಾ ಸುಣ್ಣಕಲ್ಲಿನ ಪುಡಿ ಬೆರೆಸಿ. ಜೊತೆಗೆ ಎರಡು ಮೂರು ಸುಣ್ಣಕಲ್ಲಿನ ತುಂಡು, ಒಂದು ಕಟ್ಲ್‌ಬೋನ್ (ಕಟ್ಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಚೂರು ಮೇಲಿಡಿ. ಇಲ್ಲಿ ಒಂದು ಎಚ್ಚರಿಕೆ: ಸುಣ್ಣಕಲ್ಲು ಬೇರೆ, ಗೋಡೆಗೆ ಬಳಿಯುವ ಸುಣ್ಣ ಬೇರೆ. ಬಳಿಯುವ ಸುಣ್ಣ ಕಟು ಕ್ಷಾರ, ಮೈ ಸುಡುತ್ತದೆ. ಹೆಸರು ಒಂದೇ ಅಂತ ಅದನ್ನು ಬೆರೆಸಿದರೆ ಡಬ್ಬಿಯಲ್ಲಿ ಒಂದೂ ಉಳಿಯುವುದಿಲ್ಲ.

ಈಗ ನೀರು. ಹಾಸನ್ನು ಡಬ್ಬಿಗೆ ಹಾಕುವ ಮೊದಲೇ ಹದ ಮಾಡಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಇದು ಡಬ್ಬಿಯ ಮೂರರಲ್ಲಿ ಎರಡು ಭಾಗಕ್ಕೆ. ಉಳಿದ ಒಂದು ಭಾಗಕ್ಕೆ, ಒಂದು ತುದಿಯಲ್ಲಿ, ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಕೊಟ್ಟು, ಅದರ ಮೇಲೆ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಒಂದು ಬಗೆಯ ಪಾಚಿ) ಹೊದಿಸಿ. ಪೂರ್ತಿ ಮೇಲ್ಮೈಗೆ ಎರಡು ಮೂರು ಪದರ ತರಗೆಲೆ. ತೊಗಟೆಯ ಒಂದು ತುಂಡು ತೇವದ ತುದಿಗೆ, ಒಂದು ನಡುವಿಗೆ, ಒಂದು ಒಣ ತುದಿಗೆ. ಹೀಗೆ ಮಾಡಿದರೆ ಎಷ್ಟು ತೇವ ಬೇಕೆಂದು ನೀವು ಊಹಿಸುವ ಕಷ್ಟ ಇಲ್ಲ, ಅವೇ ನಡೆದು ಹೋಗಿ ಆರಿಸಿಕೊಳ್ಳುತ್ತವೆ. ಬಾಯಾರಿದಾಗ ಬಾಯಿಯಿಂದಷ್ಟೇ ಅಲ್ಲ, ಬಾಲದ ತುದಿಯ ಎರಡು ಚಿಕ್ಕ ಮೊನೆಗಳನ್ನು ಒದ್ದೆಗೆ ತಗುಲಿಸಿಯೂ ನೀರು ಹೀರಬಲ್ಲವು.

ಸ್ಪ್ರೇ ಬಾಟಲಿಯನ್ನು ಎತ್ತಿಡಿ. ಸಿಂಪಡಿಸಿದ ನೀರು ಎಲ್ಲ ಕಡೆಯೂ ಒಂದೇ ಸಮ ಬಿದ್ದು, ಒಣ ಜಾಗವೆಂಬುದೇ ಇಲ್ಲದಂತೆ ಮಾಡುತ್ತದೆ. ಬದಲಿಗೆ ಮಾಸ್ ಇರುವ ಮೂಲೆಗೆ ಲೋಟದಿಂದ ನಿಧಾನವಾಗಿ ಹೊಯ್ಯಿರಿ, ಅದು ಕೆಳಗಿಳಿದು ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಎಷ್ಟು, ಯಾವಾಗ ಎಂಬುದಕ್ಕೆ ಅಡುಗೆಮನೆಯ ತಕ್ಕಡಿ ಎಲ್ಲ ಮಾಪಕಗಳಿಗಿಂತ ಪ್ರಾಮಾಣಿಕ. ಹದ ಸರಿಯಿರುವ ಮೊದಲ ದಿನ ಇಡೀ ಡಬ್ಬಿಯನ್ನು ತೂಗಿ, ತೂಕವನ್ನು ಮುಚ್ಚಳದ ಮೇಲೆ ಬರೆಯಿರಿ. ಎರಡು ದಿನಕ್ಕೊಮ್ಮೆ ತೂಗಿ. 80 ಗ್ರಾಂ ಇಳಿದಿದ್ದರೆ 80 ಮಿ.ಲೀ. ನೀರು ಹಾಕಿ, ಇಳಿದಿಲ್ಲವಾದರೆ ಒಂದು ಹನಿಯೂ ಬೇಡ. ಬಹುಶಃ ಐದರಿಂದ ಎಂಟು ದಿನಕ್ಕೊಮ್ಮೆ ಬೇಕಾದೀತು. ಎಲೆ ಅಥವಾ ಮರ ಸೇರಿಸಿದ ದಿನ ಹೊಸ ತೂಕ ಬರೆಯಲು ಮರೆಯಬೇಡಿ. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ, ಕೆಲವೆಡೆ ಅದರ ಬದಲು ಬಳಸುವ ಕ್ಲೋರಮೀನ್ ಹಾಗೆ ಹೋಗದು. ಅನುಮಾನವಿದ್ದರೆ ಶೋಧಿಸಿದ ನೀರು ಬಳಸಿ.

ನಿಮ್ಮ ತೇವಮಾಪಕದ 99ಕ್ಕೆ ಬೆಲೆ ಕೊಡಬೇಡಿ. ಅಗ್ಗದ ಮಾಪಕದ ಸಂವೇದಕದ ಮೇಲೆ ಹನಿ ಕಟ್ಟಿದರೆ ಅದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪರೀಕ್ಷಿಸಬೇಕೆಂದರೆ, ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಸರಿನಂತೆ ಕಲಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಹನ್ನೆರಡು ಗಂಟೆ ಇಡಿ. ಸರಿಯಿದ್ದರೆ ಸುಮಾರು ಶೇ. 75 ತೋರಿಸಬೇಕು. ಡಬ್ಬಿಯಲ್ಲಿ ನೋಡಬೇಕಾದ್ದು ಬೇರೆ. ತೇವದ ತುದಿಯ ಗೋಡೆಯಲ್ಲಿ ಬೆಳಿಗ್ಗೆ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಮಾಯವಾಗುತ್ತಿದ್ದರೆ ಗಾಳಿ ಸರಿಯಿದೆ. ನಾಲ್ಕೂ ಗೋಡೆಯಲ್ಲಿ ದಿನವಿಡೀ ಹನಿ ಇಳಿಯುತ್ತಿದ್ದರೆ ಸರಿಯಿಲ್ಲ. ಮುಚ್ಚಳ ತೆಗೆದರೆ ಮಳೆ ನಿಂತ ಮೇಲಿನ ಕಾಡಿನ ನೆಲದ ವಾಸನೆ ಬರಬೇಕು.

ದಾಟಿಸುವಾಗ ಚಿಮುಟ ಬಳಸಬೇಡಿ. ಉಂಡೆಯಾದದ್ದನ್ನು ಚಮಚದಲ್ಲಿ ಉರುಳಿಸಿಕೊಳ್ಳಿ, ನಡೆಯುತ್ತಿರುವುದನ್ನು ಮೃದು ಕುಂಚದಿಂದ ಎಲೆಯ ಮೇಲೆ ಹತ್ತಿಸಿ. ಅರ್ಧ ಬೆಳ್ಳಗಾದವನ್ನು ಮುಟ್ಟಲೇಬೇಡಿ. ಅವು ಕೂತ ಮಣ್ಣಿನ ಸಮೇತ ದೊಡ್ಡ ಚಮಚದಲ್ಲಿ ಎತ್ತಿ ಹೊಸದಾಗಿ ಕಟ್ಟಿದ ಡಬ್ಬಿಯ ತೊಗಟೆಯ ಕೆಳಗೆ ಇಳಿಸಿ. ಹಳೆಯ ಹಾಸನ್ನು ಎಸೆಯದೆ, ಅಗಲ ತಟ್ಟೆಯೊಂದರಲ್ಲಿ ತೆಳುವಾಗಿ ಹರಡಿ, ಮೇಲೆ ಒಂದು ತೊಗಟೆ, ಎರಡು ಎಲೆ ಇಟ್ಟು, ಗಾಳಿಯಾಡುವಂತೆ ಜಾಲರಿ ಮುಚ್ಚಿ ಆರು ವಾರ ಕಾಯಿರಿ. ತೇವ ತೀರಾ ಆರದಂತೆ ಒಂದು ಮೂಲೆಗಷ್ಟೇ ನೀರು. ವಾರಕ್ಕೊಮ್ಮೆ ತೊಗಟೆ ಎತ್ತಿ ನೋಡಿದರೆ ತಪ್ಪಿಹೋದ ಮರಿ ಸಿಕ್ಕೀತು. ಕೊನೆಗೆ ಆ ಮಣ್ಣನ್ನು ಎರಡು ದಿನ ಫ್ರೀಜರಿನಲ್ಲಿಟ್ಟ ಮೇಲೆಯೇ ಹೊರಗೆ ಹಾಕಿ. ಪರದೇಶದ ಜೀವಿಯನ್ನೂ ಅದರ ಜೊತೆ ಬಂದದ್ದನ್ನೂ ಹೊರಗಿನ ನೆಲಕ್ಕೆ ಬಿಡಬಾರದು, ಸಾಕಿ ಸಾಕಾಯಿತು ಎಂದಾದರೂ ಸರಿ.

ಊಟ, ಬಿಸಿ

ತರಗೆಲೆ ಮತ್ತು ಕೊಳೆತ ಮರವೇ ಊಟ; ಅದು ಯಾವತ್ತೂ ಮುಗಿಯಬಾರದು. ಉಳಿದದ್ದೆಲ್ಲ ಉಪ್ಪಿನಕಾಯಿ ಇದ್ದಂತೆ. ಎಂಟು ಐಸೊಪಾಡ್‌ಗೆ ವಾರಕ್ಕೊಮ್ಮೆ ಕಿರುಬೆರಳಿನ ಉಗುರಿನ ಅರ್ಧದಷ್ಟು ಮೀನಿನ ಆಹಾರದ ಹಾಳೆಯೋ ಒಣಸಿಗಡಿಯ ಚೂರೋ ಒಣ ಜಾಗದಲ್ಲಿಡಿ, ಎರಡು ದಿನಕ್ಕೆ ಉಳಿದಿದ್ದರೆ ತೆಗೆಯಿರಿ. ಉಪ್ಪು, ಎಣ್ಣೆ ಬಿದ್ದ ಯಾವುದನ್ನೂ ಹಾಕಬೇಡಿ. ತಮ್ಮ ಹಿಕ್ಕೆಯನ್ನು ತಾವೇ ತಿನ್ನುವುದನ್ನು ಕಂಡು ಹೇಸಬೇಡಿ. ಇವುಗಳ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಲ್ಲ, ತಾಮ್ರ. ಆಹಾರದಲ್ಲಿ ಸಿಗುವ ಅತ್ಯಲ್ಪ ತಾಮ್ರವನ್ನು ಎರಡನೆಯ ಸಲ ಹೀರಿಕೊಳ್ಳುವ ಉಪಾಯವದು. ಹಾಗಾಗಿ ಹಿಕ್ಕೆ ಕಂಡಾಗಲೆಲ್ಲ ಡಬ್ಬಿ ತೊಳೆಯುವ ಶುಚಿತ್ವ ಇಲ್ಲಿ ಉಪಕಾರ ಮಾಡದು.

ಬಿಸಿ 22ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು. 30 ದಾಟಿದರೆ, ಅದರಲ್ಲೂ ಗಾಳಿ ಕಡಿಮೆಯಿದ್ದರೆ, ಸರಣಿ ಸಾವು ಶುರುವಾಗುತ್ತದೆ. ನೇರ ಬಿಸಿಲು ಬಿದ್ದರೆ ಚಿಕ್ಕ ಡಬ್ಬಿ ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ಚಳಿಯಿದ್ದು ಹೀಟ್ ಮ್ಯಾಟ್ ಬೇಕಾದರೆ ಪಕ್ಕದ ಗೋಡೆಗೆ, ಥರ್ಮೋಸ್ಟಾಟ್ ಜೊತೆ. ತಳದ ಅಡಿಗೆ ಇಟ್ಟರೆ ತಂಪು ಹುಡುಕಿ ಕೆಳಗಿಳಿದವು ಬೆಂದುಹೋಗುತ್ತವೆ.

ಮರಿ ಮತ್ತು ಹೊಸ ಆರು

ಕ್ಯುಬಾರಿಸ್ ನಿಧಾನಸ್ಥ ಬಳಗ. ಬಲಿಯಲು ಹಲವು ತಿಂಗಳು ಬೇಕು, ಒಂದು ಸೂಲಿಗೆ ಮರಿಗಳೂ ಬೆರಳೆಣಿಕೆಯಷ್ಟೇ. ಜಾಗ ಬದಲಾದ ಮೇಲೆ ಒಂದೆರಡು ತಿಂಗಳು ಸುಮ್ಮನಿರುವುದು ರೂಢಿ. ಹೆಣ್ಣು ಮೊಟ್ಟೆಯನ್ನು ಎಲ್ಲೂ ಇಡುವುದಿಲ್ಲ, ಎದೆಯ ಕೆಳಗಿನ ಚೀಲದಲ್ಲಿ ನೀರಿನಂಥ ದ್ರವದಲ್ಲಿ ಹೊತ್ತು ತಿರುಗುತ್ತದೆ. ಕೆಳಗಿನಿಂದ ನೋಡಿದಾಗ ಎದೆ ಹಳದಿಮಿಶ್ರಿತ ಬಿಳುಪಿನಿಂದ ಉಬ್ಬಿದ್ದರೆ ಬಸುರಿ. ಆ ಹೊತ್ತಿನಲ್ಲಿ ಹೆದರಿಸಿದರೆ, ಒಣಗಿಸಿದರೆ ಚೀಲವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಹೊಸ ಡಬ್ಬಿ ಕಟ್ಟಿದ ಮೇಲೆ ಮಣ್ಣನ್ನು ಕೆದಕಿ ಎಣಿಸುವ ಆಸೆಯನ್ನು ತಡೆದುಕೊಳ್ಳಿ. ಮರಿಗಾಗಿ ಹುಡುಕಾಟ ಅತಿಯಾದ ಡಬ್ಬಿಗಳಲ್ಲೇ ಮರಿ ಕಡಿಮೆ.

ಹೊಸ ಆರನ್ನು ಈಗ ತರಬೇಡಿ. ಸಾವಿನ ಕಾರಣ ಡಬ್ಬಿಯಲ್ಲೇ ಇರುವಾಗ ಬಂದವೂ ಅದೇ ದಾರಿ ಹಿಡಿಯುತ್ತವೆ. ಮೂರು ತಿಂಗಳು ಒಂದೂ ಸಾಯದೆ ಕಳೆದ ಮೇಲೆ ಯೋಚಿಸಿ. ಎಂಟು ಉಳಿದಿದ್ದು, ಅವುಗಳಲ್ಲಿ ಗಂಡೂ ಹೆಣ್ಣೂ ಇದ್ದರೆ ಬಳಗ ಬೆಳೆಯಲು ಸಾಕು. ತರುವುದಾದರೆ ಗುಹೆಯಿಂದ ಹಿಡಿದು ತಂದವನ್ನು ಬೇಡವೆನ್ನಿ. ಸಾಕಣೆಯಲ್ಲಿ ಹುಟ್ಟಿದವೇ ಎಂದು ಕೇಳಿ, ಚಿಕ್ಕವು ದೊಡ್ಡವು ಬೆರೆತ ಗುಂಪನ್ನು ಆರಿಸಿ. ಎಲ್ಲವೂ ಒಂದೇ ಅಳತೆಯ ಬಲಿತವುಗಳಾಗಿದ್ದರೆ ಅನುಮಾನಕ್ಕೆ ಜಾಗವಿದೆ.

ಕೈ ಪಳಗಿಸಿಕೊಳ್ಳಲು ಇನ್ನೊಂದು ಡಬ್ಬಿ ಇಡುವ ಮನಸ್ಸಿದ್ದರೆ ಟ್ರೈಕೊರೈನಾ ಟೊಮೆಂಟೋಸಾ ಎಂಬ ಪುಟ್ಟ ಬಿಳಿ ಜಾತಿಯಿದೆ. ತೇವ ಹೆಚ್ಚಾದರೂ ಚೆನ್ನಾಗಿ ತಡೆದುಕೊಳ್ಳುತ್ತದೆ, ಗಂಡಿನ ಹಂಗಿಲ್ಲದೆ ಹೆಣ್ಣೇ ಮರಿ ಮಾಡುತ್ತದೆ. ಅದನ್ನು ಕ್ಯುಬಾರಿಸ್ ಡಬ್ಬಿಗೆ ಮಾತ್ರ ಬೆರೆಸಬೇಡಿ. ಬೇಗ ಹೆಚ್ಚುವುದು ನಿಧಾನವಾಗಿ ಹೆಚ್ಚುವುದರ ಊಟ, ಜಾಗ ಎರಡನ್ನೂ ಕಸಿಯುತ್ತದೆ. ಇನ್ನು ಪೋರ್ಸೆಲಿಯೊ ಎಂಬ ಇನ್ನೊಂದು ಬಳಗದ, ಸ್ಪೇನ್ ಮೂಲದ ದೊಡ್ಡ ಐಸೊಪಾಡ್‌ಗಳಿಗೆ ನಾನು ಹೇಳಿದ ತೇವವೂ ಅತಿಯಾಯಿತು. ಅವಕ್ಕೆ ಇನ್ನೂ ಹೆಚ್ಚು ಗಾಳಿ, ಇನ್ನೂ ಹೆಚ್ಚು ಒಣ ನೆಲ ಬೇಕು. ಈ ಲೆಕ್ಕವನ್ನು ಅವಕ್ಕೆ ಹಚ್ಚಬೇಡಿ.

ಹೊಸ ಡಬ್ಬಿಯ ಮೊದಲ ಎರಡು ವಾರದಲ್ಲಿ ಇನ್ನೊಂದು ಸತ್ತರೂ ಎದೆಗುಂದಬೇಡಿ, ಹಳೆಯ ಏಟಿನ ಪರಿಣಾಮ ತಡವಾಗಿ ಕಾಣಿಸುವುದುಂಟು. ನಾಲ್ಕನೆಯ ವಾರದ ನಂತರವೂ ಸಾಯುತ್ತಿದ್ದರೆ ಎಲೆ, ಮಣ್ಣು ಎಲ್ಲಿಂದ ಬಂತೆಂಬುದನ್ನು ಅನುಮಾನಿಸಿ, ಕೀಟನಾಶಕದ ಶೇಷ ಇರಬಹುದು. ವಾರಕ್ಕೊಮ್ಮೆ ರಾತ್ರಿ ಮಂದ ಬೆಳಕಿನಲ್ಲಿ ನಡುವಿನ ತೊಗಟೆಯೊಂದನ್ನೇ ಎತ್ತಿ, ಎಣಿಸಿ, ಹಾಗೇ ಇಳಿಸಿ. ಯಾವುದೋ ಒಂದು ರಾತ್ರಿ ತೊಗಟೆಯ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಜೀವಿ ಕಂಡರೆ ಭೂತಗನ್ನಡಿ ತನ್ನಿ. ಏಳು ಜೊತೆಯ ಬದಲು ಆರೇ ಜೊತೆ ಕಾಲಿದ್ದರೆ ಅದು ಹುಟ್ಟಿ ಇನ್ನೂ ಬಹಳ ದಿನವಾಗದ ನಿಮ್ಮ ಮರಿ. ಏಳನೆಯ ಜೊತೆ ಮುಂದಿನ ಪೊರೆಗಳಲ್ಲಿ ಬರುತ್ತದೆ.